ಕುಶಲ, ಅಕುಶಲ

ಇಂದಿನ ಕನ್ನಡದಲ್ಲಿ ಕುಶಲ ಎಂಬ ಪದ ಎರಡು ಅರ್ಥಗಳಲ್ಲಿ ಬದುಕಿದೆ. ಒಂದು ಮೈ, ಮನಸ್ಸು, ಸಂಸಾರಗಳ ನೆಮ್ಮದಿಯನ್ನು ಹೇಳುವ ಅರ್ಥವಾಗಿದ್ದು, ಕುಶಲಪ್ರಶ್ನೆ ಎಂಬ ಮಾತಿನಲ್ಲಿಯೂ ಹಳೆಯ ಕಾಗದಗಳ ಮೊದಲ ಸಾಲಿನ ‘ಉಭಯಕುಶಲೋಪರಿ’ಯಲ್ಲಿಯೂ ಅದನ್ನು ಕಾಣಬಹುದು, ಇನ್ನೊಂದು ಕೈಯ ನೈಪುಣ್ಯವನ್ನು ಹೇಳುವುದಾಗಿದ್ದು, ಕುಶಲಕರ್ಮಿ, ಕೌಶಲ ಮುಂತಾದ ಮಾತುಗಳು ಅದರಿಂದ ಹುಟ್ಟಿವೆ. ಮಹಾರಾಷ್ಟ್ರದ ಗಡಿಗೆ ಹೊಂದಿದ ಕೃಷ್ಣಾತೀರದ ಆಡುಗನ್ನಡದಲ್ಲಿ ಮೊದಲನೆಯ ಅರ್ಥದ ಜಾಗವನ್ನು ಫಾರಸಿಯಿಂದ ಬಂದ ‘ಆರಾಮ’ ಬಹುಮಟ್ಟಿಗೆ ಹಿಡಿದುಕೊಂಡಿರುವುದರಿಂದ, ಅಲ್ಲಿ ಕುಶಲ ಎಂಬುದು ಮನೆಯ ಮಾತಾಗಿ ಉಳಿಯದೆ ಕಾರ್ಖಾನೆಯ ಮಾತಾಗಿದೆ.

ಇದನ್ನು ಗಮನಿಸಲು ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಕುಪವಾಡದಷ್ಟು ತಕ್ಕ ಊರು ಬೇರೆ ಸಿಗಲಾರದು. 1998ರಲ್ಲಿ ಸಾಂಗಲಿ ಮತ್ತು ಮಿರಜಗಳೊಂದಿಗೆ ಒಂದೇ ಮಹಾನಗರಪಾಲಿಕೆಯಾಗಿ ಕೂಡಿದ ಈ ಊರು ತನ್ನ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಕೈಗಾರಿಕಾ ವಸಾಹತಿನಿಂದ ಹೆಸರಾದುದು. ಅಲ್ಲಿನ ದುಡಿಮೆಗಾರರನ್ನು ಕನಿಷ್ಠ ವೇತನದ ಅಧಿಸೂಚನೆಗಳು ಕುಶಲ, ಅರ್ಧಕುಶಲ, ಅಕುಶಲ ಎಂದು ಮರಾಠಿಯಲ್ಲಿ ವಿಂಗಡಿಸುತ್ತವೆ. ಗಡಿಯ ಈಚೆಗೆ ಅದೇ ವಿಂಗಡಣೆ ಕುಶಲ, ಅರೆಕುಶಲ, ಅಕುಶಲ ಎಂದಾಗುತ್ತದೆ. ತಿಂಗಳ ಸಂಬಳ ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದು ‘ಅ’ ಎಂಬ ಒಂದು ಅಕ್ಷರದ ಮೇಲೆ ನಿಂತಿದೆ. ಇದೇ ನಗರದ ಬೌದ್ಧ ಕುಟುಂಬಗಳು ವಿಹಾರದಲ್ಲಿ ಪಾಳಿ ಭಾಷೆಯ ತ್ರಿಶರಣ ಪಂಚಶೀಲಗಳನ್ನು ಹೇಳಿಕೊಳ್ಳುತ್ತವೆ, ಮತ್ತು ಆ ಪಾಳಿಯ ಧರ್ಮಗ್ರಂಥಗಳಲ್ಲಿ ಕುಸಲ, ಅಕುಸಲ ಎಂಬ ಅದೇ ಜೋಡಿಪದಗಳು ಹೆಚ್ಚಾಗಿ ಬೇರೆಯದನ್ನೇ ಅಳೆಯುತ್ತವೆ.

ಪದದ ಮೂಲವನ್ನು ಕುರಿತು ಸಂಸ್ಕೃತ ಪರಂಪರೆ ಹೇಳುವ ನಿರುಕ್ತಿ ಪ್ರಸಿದ್ಧವಾದುದು. ಕುಶ ಎಂದರೆ ದರ್ಭೆ. ಅದರ ಅಂಚು ಹರಿತವಾದುದರಿಂದ ಕೈ ಕೊಯ್ದುಕೊಳ್ಳದೆ ಅದನ್ನು ಕಿತ್ತು ತರಬಲ್ಲವನು ಕುಶಲ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ರೂಢಿಲಕ್ಷಣೆಗೆ, ಅಂದರೆ ಮೂಲಾರ್ಥವನ್ನು ಬಿಟ್ಟು ಬಳಕೆಯ ಬಲದಿಂದ ಬೇರೊಂದು ಅರ್ಥಕ್ಕೆ ಸರಿದ ಮಾತಿಗೆ, ಈ ಪದವನ್ನೇ ಉದಾಹರಣೆಯಾಗಿ ಕೊಟ್ಟನು, ‘ಸಾಹಿತ್ಯದರ್ಪಣ’ದ ವಿಶ್ವನಾಥನು ಅದನ್ನು ಒಪ್ಪದೆ, ನಿಪುಣ ಎಂಬುದೇ ಇದರ ನೇರ ಅರ್ಥವೆಂದು ವಾದಿಸಿದನು. ವ್ಯುತ್ಪತ್ತಿ ನಿಜವೋ ಕಲ್ಪಿತವೋ ಎಂಬುದು ಹಾಗಿರಲಿ, ಹುಲ್ಲು ಕೀಳುವ ಕೆಲಸದಿಂದ ಹುಟ್ಟಿತೆಂದು ಪಂಡಿತರೇ ನಂಬಿದ ಪದವೊಂದು ಹುಲ್ಲು ಕೀಳುವ ಕೂಲಿಯನ್ನು ಇಂದು ಅಕುಶಲವೆಂದು ಹೊರಗಿಡುವುದು ಮನಸ್ಸನ್ನು ಕಲಕುವ ಸಂಗತಿ.

ಪಾಳಿಯಲ್ಲಿ ಕೈಚಳಕದ ಅರ್ಥ ಇಲ್ಲವೆಂದಲ್ಲ. ಆ ಧರ್ಮಗ್ರಂಥಗಳಲ್ಲೊಂದಾದ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ, ಅಂದರೆ ಆ ಹೆಸರಿನ ಬೋಧೆಯಲ್ಲಿ, ಬುದ್ಧನು ರಾಜಕುಮಾರನನ್ನು, ರಥದ ಅಂಗಾಂಗಗಳಲ್ಲಿ ನೀನು ಕುಸಲನೇ ಎಂದು ಕೇಳುತ್ತಾನೆ. ಯಂತ್ರದ ಬಿಡಿಭಾಗಗಳ ನಡುವೆ ದಿನ ಕಳೆಯುವ ಕುಪವಾಡದ ಕೆಲಸಗಾರನಿಗೆ ಆ ಪ್ರಶ್ನೆ ಕೂಡಲೇ ಅರ್ಥವಾಗುತ್ತದೆ. ಆದರೆ ಐದನೆಯ ಶತಮಾನದ ವ್ಯಾಖ್ಯಾನಪರಂಪರೆಗೆ ಸೇರಿದ ‘ಅಟ್ಠಸಾಲಿನೀ’ ಗ್ರಂಥವು ಈ ಪದಕ್ಕೆ ಆರೋಗ್ಯ, ಅನವಜ್ಜ, ಛೇಕ, ಸುಖವಿಪಾಕ ಎಂಬ ನಾಲ್ಕು ಅರ್ಥಗಳನ್ನು ಎಣಿಸುತ್ತದೆ. ಅನವಜ್ಜ ಎಂದರೆ ದೋಷವಿಲ್ಲದ್ದು, ಛೇಕ ಎಂದರೆ ನಿಪುಣ, ಸುಖವಿಪಾಕ ಎಂದರೆ ಒಳ್ಳೆಯ ಫಲ ಕೊಡುವಂಥದು. ಕನ್ನಡವು ಆರೋಗ್ಯವನ್ನು ಕುಶಲಪ್ರಶ್ನೆಯಲ್ಲಿಯೂ ಛೇಕವನ್ನು ಕುಶಲಕರ್ಮಿಯಲ್ಲಿಯೂ ಉಳಿಸಿಕೊಂಡು, ಅನವಜ್ಜವನ್ನು ಎಲ್ಲಿಯೋ ಕೈಬಿಟ್ಟಿತು. ಬಾಳು ಗೆದ್ದಿತೋ ಸೋತಿತೋ ಎಂಬ ವಿಚಾರದಲ್ಲಿ ಬೌದ್ಧಧರ್ಮವು ಮೊದಲು ಹುಡುಕುವುದು ಕಳೆದುಹೋದ ಈ ಅರ್ಥವನ್ನೇ.

ಅಕುಸಲಕ್ಕೆ ಮೂರು ಬೇರುಗಳನ್ನು ಹೇಳಲಾಗಿದೆ: ಲೋಭ, ದೋಸ ಅಂದರೆ ದ್ವೇಷ, ಮೋಹ. ಈ ಬೇರುಗಳಿಂದ ಮೊಳೆತ ನಡೆ, ನುಡಿ, ಆಲೋಚನೆಗಳು ಅಕುಸಲ. ಇವುಗಳಿಲ್ಲದೆ ಮೊಳೆತವು ಕುಸಲ. ಹೀಗಾಗಿ ಇದು ಕೃತ್ಯಕ್ಕೆ ಹಚ್ಚುವ ಹೆಸರೇ ಹೊರತು ಒಂದು ವರ್ಗದ ಮನುಷ್ಯರಿಗೆ ಹಣೆಪಟ್ಟಿಯಾಗಿ ಅಂಟಿಸುವ ಹೆಸರಲ್ಲ. ಹಿರಿಯ ಭಿಕ್ಷುಗಳ ಹಾಡುಗಳ ಸಂಗ್ರಹವಾದ ಥೇರಗಾಥೆಯಲ್ಲಿ ಸುನೀತನೆಂಬ ಭಿಕ್ಷು ತನ್ನ ಹಿಂದಿನ ಬಾಳನ್ನು ನೆನೆಯುತ್ತಾನೆ. ಅವನದು ಕೀಳೆಂದು ಎಣಿಸಿದ ಕುಲ, ಬಾಡಿದ ಹೂಗಳನ್ನು ಗುಡಿಸಿ ಎಸೆಯುವುದು ಅವನ ಕಾಯಕ, ಜನ ಅವನನ್ನು ತಿರಸ್ಕರಿಸುತ್ತಿದ್ದರು. ಅಧಿಸೂಚನೆಯ ಭಾಷೆಯಲ್ಲಿ ಅವನು ಅಕುಶಲ ಕಾರ್ಮಿಕ. ಬುದ್ಧನ ಸಂಘದಲ್ಲಿ ಅವನು ಅರಹಂತ, ಅಂದರೆ ಮೂರು ಬೇರುಗಳನ್ನೂ ಕಿತ್ತುಹಾಕಿದವನು. ಇದಕ್ಕೆ ಎದುರಾಗಿ, ಆಯುಧ, ಜೀವಿಗಳು, ಮಾಂಸ, ಮಾದಕದ್ರವ್ಯ, ವಿಷ ಎಂಬ ಐದರ ವ್ಯಾಪಾರವನ್ನು ಅಂಗುತ್ತರ ನಿಕಾಯವು ಉಪಾಸಕನಿಗೆ, ಅಂದರೆ ಗೃಹಸ್ಥ ಅನುಯಾಯಿಗೆ, ನಿಷೇಧಿಸುತ್ತದೆ. ಆ ವ್ಯಾಪಾರದಲ್ಲಿ ಎಷ್ಟೇ ಚತುರನಾದರೂ ಆ ಚಾತುರ್ಯ ಬರೀ ಛೇಕವಾಗಿ ನಿಲ್ಲುತ್ತದೆ, ಅನವಜ್ಜವಾಗುವುದಿಲ್ಲ.

ವೇತನಪಟ್ಟಿಯ ಭಾಷೆ, ಬೌದ್ಧಧರ್ಮದ ಭಾಷೆ ಎಂಬ ಈ ಎರಡನ್ನೂ ಮುಟ್ಟಿದ ವ್ಯಕ್ತಿಯೊಬ್ಬರು ಆಧುನಿಕ ಭಾರತದಲ್ಲಿದ್ದರು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು 1946ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕನಿಷ್ಠ ವೇತನ ಮಸೂದೆಯನ್ನು ಮಂಡಿಸಿದರು. ಅದು 1948ರಲ್ಲಿ ಕಾಯಿದೆಯಾಯಿತು. ಅದಾದ ಹತ್ತು ವರ್ಷಗಳೊಳಗೆ, 1956ರ ಅಕ್ಟೋಬರ್ 14ರಂದು, ಅವರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಕೂಲಿಗೆ ಒಂದು ಕನಿಷ್ಠ ಮಿತಿ ಇರಲೇಬೇಕೆಂದವರೂ, ಕೂಲಿಯ ದರದಿಂದ ಮನುಷ್ಯನ ಬೆಲೆ ತೀರ್ಮಾನವಾಗಬಾರದೆಂದವರೂ ಒಬ್ಬರೇ ಆಗಿದ್ದರೆಂಬುದನ್ನು ಗಟ್ಟಿಯಾಗಿ ಹೇಳಬೇಕು. ಏಕೆಂದರೆ ಬೌದ್ಧಧರ್ಮವು ದುಡಿಮೆ ಸಂಬಳಗಳನ್ನು ಕಡೆಗಣಿಸುತ್ತದೆಂಬ ತಪ್ಪುತಿಳಿವಳಿಕೆ ಇನ್ನೂ ಹೋಗಿಲ್ಲ. ಸಿಗಾಲೋವಾದ ಸುತ್ತವು ಯಜಮಾನನ ಕರ್ತವ್ಯಗಳನ್ನು ಹೇಳುವಾಗ, ಆಳಿನ ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ವೇತನ, ಕಾಯಿಲೆಯಲ್ಲಿ ಆರೈಕೆ, ಸಕಾಲದಲ್ಲಿ ಬಿಡುವು ಇವುಗಳನ್ನು ಬಿಡದೆ ಎಣಿಸುತ್ತದೆ.

ಯಶಸ್ಸಿನ ಪ್ರಶ್ನೆಯನ್ನು ಬುದ್ಧನ ಮುಂದೆ ನೇರವಾಗಿ ಇಟ್ಟವನು ಕೋಲಿಯರ ಕುಲದ ದೀಘಜಾಣು ಎಂಬ ಗೃಹಸ್ಥ. ತಾವು ಹೆಂಡತಿ ಮಕ್ಕಳೊಡನೆ ಬಾಳುವವರು, ಕಾಶಿಯ ಚಂದನ ಪೂಸಿಕೊಳ್ಳುವವರು, ಹೊನ್ನು ಬೆಳ್ಳಿ ಮುಟ್ಟುವವರು. ಇಂಥವರಿಗೆ ಇಲ್ಲಿಯೂ ಮುಂದೆಯೂ ಹಿತವಾಗುವುದು ಯಾವುದೆಂದು ಅವನು ಕೇಳಿದನು. ಉತ್ತರವಾಗಿ ಬಂದ ‘ಸಂಪದಾ’ ಎಂಬ ಪದ ಕನ್ನಡದ ಸಂಪದ, ಸಂಪತ್ತುಗಳ ನೆಂಟ. ಉಟ್ಠಾನಸಂಪದಾ ಎಂದರೆ ಉದ್ಯಮಶೀಲತೆ, ಆರಕ್ಖಸಂಪದಾ ಎಂದರೆ ಗಳಿಸಿದ್ದರ ರಕ್ಷಣೆ. ಇವುಗಳ ಜೊತೆಗೆ ಸಜ್ಜನರ ಗೆಳೆತನ, ಆದಾಯಕ್ಕೆ ತಕ್ಕ ಬಾಳುವೆ. ಇವೆಲ್ಲದರ ಮೇಲೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳ ಸಂಪತ್ತು. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು: ತನ್ನ ಕಸುಬಿನಲ್ಲಿ ನಿಪುಣನಾಗಿರಬೇಕೆಂದು ಹೇಳುವಾಗ ದೀಘಜಾಣುವಿಗೆ ಹೇಳಿದ ಈ ಸುತ್ತ ಬಳಸುವ ಪದ ‘ದಕ್ಖ’, ಅಂದರೆ ದಕ್ಷ. ವೇತನಪಟ್ಟಿಯವರಿಗೂ ದಕ್ಷ ಎಂಬ ಪದವೇ ಹೊಳೆದಿದ್ದರೆ ಕುಶಲಕ್ಕೆ ಅದರ ಪೂರ್ಣಾರ್ಥ ಉಳಿಯುತ್ತಿತ್ತೇನೋ.

ಕುಪವಾಡಕ್ಕೆ ಅಂಟಿಕೊಂಡ ಮಿರಜದಲ್ಲಿ ಸಿತಾರ ತಂಬೂರಿಗಳನ್ನು ತಯಾರಿಸುವ ಮನೆತನಗಳು ತಲೆಮಾರುಗಳಿಂದ ಸೋರೆಬುರುಡೆಗೆ ದನಿ ಕೊಡುತ್ತ ಬಂದಿವೆ. ಅತಿಯಾದ ಸಾಧನೆಯಿಂದ ದಣಿದು ನಿರಾಶನಾದ ಸೋಣನೆಂಬ ಭಿಕ್ಷುವಿಗೆ, ಬುದ್ಧನು ಅವನ ಪೂರ್ವಾಶ್ರಮದ ವೀಣೆಯನ್ನು ನೆನಪಿಸಿ, ತಂತಿ ಬಿಗಿ ಹೆಚ್ಚಾದರೂ ಸಡಿಲವಾದರೂ ನಾದ ಹೊರಡದೆಂದು ತಿಳಿಸಿದ್ದನ್ನು ಆ ಮನೆತನಗಳಿಗೆ ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ. ಮಿರಜನಾಡಿಗೆ ಬುದ್ಧನ ಹೆಸರು ಹೊಸದೂ ಅಲ್ಲ. ಶಿಲಾಹಾರ ಅರಸ ಗಂಡರಾದಿತ್ಯನು ಈ ನಾಡಿನ ಇರುಕುಡಿಯಲ್ಲಿ ಗಂಡಸಮುದ್ರವೆಂಬ ಕೆರೆ ಕಟ್ಟಿಸಿ ಅದರ ದಡದಲ್ಲಿ ಈಶ್ವರ, ಬುದ್ಧ, ಅರ್ಹತ (ಜಿನ) ಮೂವರನ್ನೂ ಸ್ಥಾಪಿಸಿದುದನ್ನು 1110ರ ತಾಮ್ರಶಾಸನ ತಿಳಿಸುತ್ತದೆ.

ಕುಸಲವನ್ನು ಅಳೆಯುವ ಬಗೆಯನ್ನು ಬುದ್ಧನು ತನ್ನ ಮಗನಾದ ರಾಹುಲನಿಗೆ ಕಲಿಸಿದನು. ಅಶೋಕನು ಬೈರಾಟದ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಬೋಧೆಗಳಲ್ಲಿ ಇದೂ ಒಂದು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ, ಕೆಲಸಕ್ಕೆ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ತನಗೆ ನೋವೇ, ಪರರಿಗೆ ನೋವೇ, ಉಭಯರಿಗೂ ನೋವೇ ಎಂದು ನೋಡಿಕೊಳ್ಳಬೇಕು. ನೋವಿದ್ದರೆ ಅದು ಅಕುಸಲ. ಪಾಳಿಯ ಆ ಪ್ರಶ್ನೆಯಲ್ಲಿಯೂ ಇರುವುದು ‘ಉಭಯ’ ಎಂಬ ಪದವೇ. ದೂರದೂರಿಗೆ ದುಡಿಯಲು ಹೋದವನು ಮನೆಗೆ ಬರೆಯುತ್ತಿದ್ದ ಕಾಗದದ ಉಭಯಕುಶಲೋಪರಿಯಲ್ಲಿ, ಇಲ್ಲಿ ನಾವು ಕುಶಲ, ಅಲ್ಲಿ ನೀವು ಕುಶಲವೆಂದು ತಿಳಿದ ಮೇಲೆಯೇ ಉಳಿದ ಮಾತು ಎಂಬ ನಿಯಮವಿತ್ತು, ಮತ್ತು ಆ ನಿಯಮವನ್ನು ಅಕುಶಲನೆಂದು ಪಟ್ಟಿಯಲ್ಲಿ ಬರೆಸಿಕೊಂಡವನೂ ತಪ್ಪದೆ ಪಾಲಿಸುತ್ತಿದ್ದನು.