ನಕಲಿಯಲ್ಲದ ಚಿನ್ನ: ‘ಹೊಳೆಯುವುದೆಲ್ಲ ಚಿನ್ನವಲ್ಲ’ ಎಂಬ ಗಾದೆ ಮತ್ತು ಶೇಕ್ಸ್‌ಪಿಯರ್

‘ಹೊಳೆಯುವುದೆಲ್ಲ ಚಿನ್ನವಲ್ಲ’ ಎಂಬ ಇಂಗ್ಲಿಷ್ ಗಾದೆಯನ್ನು ನಕಲಿ ವಸ್ತುವಿನ ಬಗೆಗಿನ ಎಚ್ಚರಿಕೆಯೆಂದೇ ಸಾಮಾನ್ಯವಾಗಿ ಅರ್ಥೈಸುತ್ತಾರೆ. ಅದು ಶೇಕ್ಸ್‌ಪಿಯರನ ಸೃಷ್ಟಿಯೆಂಬ ನಂಬಿಕೆಯೂ ಬಲವಾಗಿದೆ. ಆದರೆ ಗಾದೆ ಅವನಿಗಿಂತ ಬಹಳ ಹಳೆಯದು. ವಸ್ತುವಿನ ಮೇಲಿದ್ದ ಅದರ ಆರೋಪವನ್ನು ನೋಡುವವನ ಮೇಲೆ ತಿರುಗಿಸಿದ್ದು ಅವನ ಕೊಡುಗೆ ಎಂಬುದು ಈ ಲೇಖನದ ವಾದ.

12ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಅಲಾನ್ ದ ಲಿಲ್‌ನ ಹೆಸರಿನಲ್ಲಿರುವ ಲ್ಯಾಟಿನ್ ನೀತಿಪದ್ಯಗಳಲ್ಲಿ ಈ ಮಾತು ಸಿಗುತ್ತದೆ. 14ನೆಯ ಶತಮಾನದ ಕೊನೆಗೆ ಕವಿ ಚಾಸರ್ ಅದನ್ನು ‘ಕ್ಯಾಂಟರ್ಬರಿ ಟೇಲ್ಸ್’ನ ರಸವಾದಿಯ ಕಥೆಯಲ್ಲಿ ಬಳಸಿದ. ಇದ್ದಿಲಿನೊಳಗೆ ಬೆಳ್ಳಿಯ ಪುಡಿ ಅಡಗಿಸಿ, ಪಾದರಸವೇ ಬೆಳ್ಳಿಯಾಯಿತೆಂದು ನಂಬಿಸಿ, ಆ ವಂಚಕ ರಸವಾದಿಯು ಪಾದ್ರಿಯೊಬ್ಬನಿಂದ 40 ಪೌಂಡ್ ಕೀಳುತ್ತಾನೆ. 1546ರಲ್ಲಿ ಜಾನ್ ಹೇವುಡ್ ಪ್ರಕಟಿಸಿದ ಗಾದೆಗಳ ಕೃತಿಯಲ್ಲೂ ಇದಿದೆ. ನಾವಿಕ ಮಾರ್ಟಿನ್ ಫ್ರೋಬಿಷರ್ 1578ರಲ್ಲಿ ಬ್ಯಾಫಿನ್ ದ್ವೀಪದಿಂದ ಚಿನ್ನದಾಸೆಗೆ ಹೊತ್ತು ತಂದ ಸಾವಿರಕ್ಕೂ ಹೆಚ್ಚು ಟನ್ ಅದಿರು ಬರೀ ಕಲ್ಲೆಂದು ಸಾಬೀತಾದಾಗ ಇಂಗ್ಲೆಂಡಿಗೆ ಗಾದೆಯ ಈ ಅರ್ಥ ಪ್ರತ್ಯಕ್ಷವಾಯಿತು. ಇಲ್ಲೆಲ್ಲ ದೋಷವಿರುವುದು ವಸ್ತುವಿನಲ್ಲಿ. ಒರೆಗಲ್ಲು, ಕುಲುಮೆಗಳಿಂದ ಅದನ್ನು ಪತ್ತೆಹಚ್ಚಬಹುದು.

1600ರಲ್ಲಿ ಅಚ್ಚಾದ ‘ದಿ ಮರ್ಚೆಂಟ್ ಆಫ್ ವೆನಿಸ್’ನಲ್ಲಿ (ಅಂಕ 2, ದೃಶ್ಯ 7) ಸ್ಥಿತಿ ಬೇರೆ. ಪೋರ್ಷಿಯಾಳನ್ನು ಬಯಸಿ ಬಂದ ಮೊರಾಕೊದ ರಾಜಕುಮಾರ ಅವಳ ಚಿತ್ರವಿರುವ ಪೆಟ್ಟಿಗೆಯನ್ನು ಆರಿಸಿದರೆ ಗೆಲ್ಲುತ್ತಾನೆ; ಚಿನ್ನ, ಬೆಳ್ಳಿ, ಸೀಸದ ಪೆಟ್ಟಿಗೆಗಳಲ್ಲಿ ಅವನು ಚಿನ್ನದ್ದನ್ನು ಆರಿಸುತ್ತಾನೆ. ಒಳಗಿರುವುದು ತಲೆಬುರುಡೆ, ಅದರ ಕಣ್ಣುಗುಳಿಯಲ್ಲಿಟ್ಟ ಓಲೆ ಈ ಗಾದೆಯಿಂದಲೇ ಆರಂಭವಾಗುತ್ತದೆ. ಆದರೆ ಪೆಟ್ಟಿಗೆ ಅಪ್ಪಟ ಚಿನ್ನದ್ದು. ಒರೆಗೆ ಹಚ್ಚಿದ್ದರೂ ಗೆಲ್ಲುತ್ತಿತ್ತು. ಸೋತದ್ದು ಅನರ್ಘ್ಯವಾದ ಹೆಣ್ಣಿನ ಚಿತ್ರ ಅನರ್ಘ್ಯ ಲೋಹದಲ್ಲೇ ಇರಬೇಕೆಂಬ ಅವನ ತರ್ಕ. ಮೈಬಣ್ಣ ಕಂಡು ತನ್ನನ್ನು ತಿರಸ್ಕರಿಸಬೇಡವೆಂದು ಬೇಡಿಕೊಂಡಿದ್ದವನೂ ಅವನೇ.

ತೋರಿಕೆಯಿಂದ ಅಳೆಯಬೇಡವೆಂಬ ಈ ನೀತಿಯನ್ನು ನಾಟಕ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ರಾಜಕುಮಾರ ಹೊರಟೊಡನೆ ಪೋರ್ಷಿಯಾ ಅವನ ಬಣ್ಣದವರೆಲ್ಲ ಹೀಗೇ ಸೋಲಲೆಂದು ಹಾರೈಸುತ್ತಾಳೆ. ಸೀಸವನ್ನಾರಿಸಿ ಗೆಲ್ಲುವ ಬಸ್ಸಾನಿಯೊನ ವೈಭವದ ಹಿಂದೆ ಬಡ್ಡಿ ವ್ಯಾಪಾರಿ ಶೈಲಾಕ್ ಕೊಟ್ಟ 3,000 ಡ್ಯೂಕಟ್ ಸಾಲವಿದೆ. ಗಾದೆಯನ್ನು ಸಾರುವ ಲೋಕವೇ ತೋರಿಕೆಗೆ ಮಣಿಯುತ್ತದೆ.

ಇಂದಿನ ಬಳಕೆ ಚಾಸರನ ಅರ್ಥಕ್ಕೇ ಮರಳಿದೆ: ಕಳಪೆ ಸರಕು, ಹುಸಿ ಜಾಹೀರಾತು, ಮೋಸದ ಹೂಡಿಕೆಗಳೆದುರು ಗಾದೆ ಹೇಳುವುದು ‘ಪರೀಕ್ಷಿಸಿ ಕೊಳ್ಳಿ’ ಎಂದು. ಆ ಎಚ್ಚರಿಕೆ ಬೇಕಾದದ್ದೇ. ಆದರೆ ವಸ್ತು ಅಸಲಿಯಾಗಿದ್ದರೂ ಅದನ್ನು ಅಳೆದ ನಮ್ಮ ಮಾನದಂಡ ತಪ್ಪಿರಬಹುದು. ಮೊರಾಕೊದವನ ಸೋಲು ಸೂಚಿಸುವ ಈ ಎರಡನೆಯ ಅರ್ಥವನ್ನೂ ಗಾದೆಯ ನಿಘಂಟುಗಳು ದಾಖಲಿಸಬೇಕು.