ಒಂದೇ ಲಿವರು, ಮೂರು ಕೆಲಸ: ಯೆಜ್ಡಿ ಗೇರ್‌ಬಾಕ್ಸಿನ ಕಥೆ

ಹಳೇ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸೋದು ಇಂಗ್ಲೆಂಡು, ಅಮೆರಿಕದ ಕಡೆ ದೊಡ್ಡ ಹವ್ಯಾಸ. ನಮ್ಮ ಹುನಗುಂದ ಸೀಮೆಯಲ್ಲಿ, ಮರೋಳದಂಥ ಊರುಗಳಲ್ಲಿ, ಸ್ಪೋರ್ಟ್ಸ್ ಕಾರು ಎಲ್ಲಿಂದ ಬರಬೇಕು ಹೇಳಿ? ಎರೆಹೊಲದ ದಾರಿಯಲ್ಲಿ ಹಿಂದೆ ಹುಲ್ಲಿನ ಹೊರೆ, ಮುಂದೆ ಹಾಲಿನ ಕ್ಯಾನು ಹೊತ್ತ ಯೆಜ್ಡಿಯೇ ನಮ್ಮ ಸ್ಪೋರ್ಟ್ಸ್ ಕಾರು :-) ಆದರೆ ತಮಾಷೆ ಬಿಟ್ಟು ನೋಡಿದರೆ, ಅದರ ಗೇರ್‌ಬಾಕ್ಸಿಗೆ ಯಾವ ಕಾರಿಗೂ ಕಮ್ಮಿಯಿಲ್ಲದ ಇತಿಹಾಸವಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರಾನ್ಸಿನ ಎಮಿಲ್ ಲೆವಸ್ಸೋರ್ 1890ರ ದಶಕದ ಮೊದಲಲ್ಲಿ ಕಾರಿಗೆ ಜಾರುವ ಗೇರುಗಳನ್ನು ಕೂರಿಸಿದ. ತಿರುಗುತ್ತಿರುವ ಒಂದು ಹಲ್ಲಿನ ಚಕ್ರವನ್ನು ಇನ್ನೊಂದರ ಮೇಲೆ ತಂದು ಸಿಕ್ಕಿಸೋದು. ಸರಿಯಾಗಿ ಕೂತರೆ ಕೂತಿತು, ಇಲ್ಲದಿದ್ದರೆ ಕರಕರ ಸದ್ದು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಬಂದು ಈ ಕಾಟ ಕಡಿಮೆಯಾಯಿತು. ಮೋಟರ್ ಸೈಕಲ್ಲಿನವರು ಬೇರೆ ದಾರಿ ಹಿಡಿದರು. ಅಲ್ಲಿ ಗೇರುಗಳ ಹಲ್ಲು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಗೇರಿನ ಬದಿಯಲ್ಲಿರುವ ದಪ್ಪ ಹಲ್ಲುಗಳು (ಮಿಸ್ತ್ರಿಗಳು 'ಡಾಗ್' ಅನ್ನುತ್ತಾರೆ) ಪಕ್ಕದ ಗೇರನ್ನು ಹಿಡಿದಾಗ ಮಾತ್ರ ಶಕ್ತಿ ಚಕ್ರಕ್ಕೆ ಹೋಗುತ್ತದೆ. ಈ ಡಾಗ್ ಹಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರದ್ದೇ.

ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಪ್ರಾಗ್‌ನಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು ಕಂಪನಿ ಶುರು ಮಾಡಿದ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರೇ ಜಾವಾ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿ ಕಾರ್ಖಾನೆ ಇದ್ದಾಗ ಅಲ್ಲಿನ ಇಂಜಿನಿಯರುಗಳು ಗುಟ್ಟಾಗಿ ಹೊಸದೊಂದು 250 ಸಿಸಿ ಬೈಕು ರೂಪಿಸಿದರು. ಅದು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಈ ವಂಶದ ಬೈಕುಗಳ ಚಮತ್ಕಾರ ಎಡಗಾಲಿನ ಲಿವರಿನಲ್ಲಿತ್ತು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು. ವಾಪಸ್ ತಂದರೆ ಗೇರು. ಗೇರ್ ಬದಲಿಸಲು ಕಾಲಿಟ್ಟು ಒತ್ತಿದ ಕೂಡಲೇ ಕ್ಲಚ್ ತಾನೇ ಬಿಡುತ್ತದೆ, ಕೈ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಒಂದೇ ಲಿವರು, ಮೂರು ಕೆಲಸ!

ಇದೇ ವಂಶದ ಬೈಕನ್ನು ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನಲ್ಲಿ ತಯಾರಿಸಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಖಾನೆಯೇನೋ ನಿಂತಿತು, ಗಾಡಿಗಳು ನಿಲ್ಲಲಿಲ್ಲ. ಅವನ್ನು ಓಡಿಸಿದ್ದು ಊರೂರಿನ ಮಿಸ್ತ್ರಿಗಳು.

ಅವರ ಕೆಲಸ ಸುಲಭದ್ದಲ್ಲ. ಈ ಬೈಕಿನಲ್ಲಿ ಇಂಜಿನ್ನು, ಗೇರ್‌ಬಾಕ್ಸು ಒಂದೇ ಗೂಡಿನಲ್ಲಿವೆ. ಗೂಡು ಉದ್ದಕ್ಕೆ ಎರಡು ಹೋಳು. ಒಂದು ಗೇರ್ ಬದಲಿಸಬೇಕೆಂದರೂ ಇಂಜಿನ್ ಇಳಿಸಿ, ಹೆಡ್ಡು, ಸಿಲಿಂಡರು, ಡೈನಮೋ, ಕ್ಲಚ್ಚು, ಪ್ರೈಮರಿ ಚೈನು ಎಲ್ಲ ಕಳಚಬೇಕು. ಯಾವ ವಾಷರ್ ಎಲ್ಲಿತ್ತು ಅನ್ನೋದನ್ನು ಕ್ರಮವಾಗಿ ಇಟ್ಟುಕೊಳ್ಳಬೇಕು. ಹೋಳುಗಳನ್ನು ಮತ್ತೆ ಕೂಡಿಸುವಾಗ ಗಾಳಿ ಸೋರಬಾರದು. ಟೂ ಸ್ಟ್ರೋಕ್ ಇಂಜಿನ್ನಿಗೆ ಗೂಡಿನೊಳಗಿನ ಒತ್ತಡವೇ ಉಸಿರು. ಅದು ಸೋರಿದರೆ ಕಾರ್ಬುರೇಟರ್ ಎಷ್ಟು ತಿರುವಿದರೂ ಗಾಡಿ ಸರಿ ಹೋಗದು.

ರೋಗದ ಲಕ್ಷಣ ಹೊರಗಿನಿಂದಲೇ ಗೊತ್ತಾಗುತ್ತದೆ. ಏರಿನಲ್ಲಿ ಗೇರು ತಾನೇ ಜಿಗಿದು ಬಿಟ್ಟರೆ ಡಾಗ್ ಹಲ್ಲಿನ ಮೂಲೆ ಸವೆದು ದುಂಡಗಾಗಿರಬಹುದು, ಇಲ್ಲವೇ ಗೇರನ್ನು ಸರಿಸುವ ಫೋರ್ಕು ಸವೆದಿರಬಹುದು. ಹೊಗೆ ದಟ್ಟವಾಗಿ ಬಂದು, ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲನ್ನು ನೋಡಬೇಕು. ಸೀಲು ಹೋದರೆ ಇಂಜಿನ್ನು ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಳೆದುಕೊಂಡು ಸುಡುತ್ತದೆ.

ಹಲ್ಲು ಸವೆಯೋದು ಯಾಕೆ? ಇಲ್ಲೇ ಆ ಜಾಣ ಲಿವರಿನ ಇನ್ನೊಂದು ಮುಖವಿದೆ. ಕಾಲು ಒತ್ತಿದಾಗ ಕ್ಲಚ್ ಪೂರ್ತಿ ಬಿಟ್ಟರೆ ಮಾತ್ರ ಗೇರು ಮೆತ್ತಗೆ ಕೂರುತ್ತದೆ. ಕ್ಲಚ್ಚಿನ ಅಡ್ಜಸ್ಟಿಂಗ್ ಸ್ಕ್ರೂ ತಪ್ಪಿದ್ದರೆ ಅರ್ಧ ಹಿಡಿದ ಕ್ಲಚ್ಚಿನಲ್ಲೇ ಹಲ್ಲು ಹಲ್ಲಿಗೆ ಬಡಿಯುತ್ತದೆ. ಕೈ ಕ್ಲಚ್ ಹಿಡಿಯುವ ರೂಢಿ ಬಿಟ್ಟವರ ಗಾಡಿಯಲ್ಲಿ ಈ ಪೆಟ್ಟು ದಿನವೂ ಬೀಳುತ್ತದೆ. ಹೊಸ ಗೇರು ಹಾಕಿಸಿ ಸ್ಕ್ರೂ ಮುಟ್ಟದೆ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಕ್ಲಚ್ಚಿನ ಕಾರ್ಕ್ ಪ್ಲೇಟು ಹೊಸದಾದರೆ ಮೊದಲು ಎಣ್ಣೆಯಲ್ಲಿ ನೆನೆಸಿಡಬೇಕು.

ಇನ್ನೊಂದು ಮಾತು. ಟೂ ಸ್ಟ್ರೋಕ್ ಗಾಡಿಯವರು ಪೆಟ್ರೋಲಿಗೆ ಆಯಿಲ್ ಬೆರೆಸಿದರೆ ಆಯಿಲಿನ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಆಯಿಲ್ ಸುಟ್ಟು ಹೋಗುತ್ತದೆ, ಗೇರುಗಳನ್ನು ತಲುಪುವುದೇ ಇಲ್ಲ. ಗೇರ್‌ಬಾಕ್ಸಿನ ಎಣ್ಣೆ ಬೇರೆ. ಕ್ಲಚ್ಚಿಗೂ ಪ್ರೈಮರಿ ಚೈನಿಗೂ ಅದೇ ಎಣ್ಣೆ. ಕಾರ್ಕಿನ ಪುಡಿ, ಲೋಹದ ಪುಡಿ ಎರಡೂ ಅದರಲ್ಲೇ ಸೇರುತ್ತವೆ. ಗಾಡಿ ಓಡಿಸಿ ಬಂದು, ಬಿಸಿ ಇರುವಾಗಲೇ ಹಳೇ ಎಣ್ಣೆ ಇಳಿಸಿದರೆ ಈ ಪುಡಿಯೂ ಹೊರಬೀಳುತ್ತದೆ. ಗೇರ್‌ಬಾಕ್ಸ್ ಉಳಿಸುವ ಅಗ್ಗದ ಉಪಾಯ ಇದೇ.

2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು. ಆದರೆ ಅವು ಫೋರ್ ಸ್ಟ್ರೋಕ್, ಆರು ಗೇರಿನವು. ಹಳೇ ನಾಲ್ಕು ಗೇರಿನ ಡಬ್ಬಿಗೆ ಅವುಗಳ ಒಂದು ವಾಷರೂ ಆಗಿಬರದು. ಹಾಗಾಗಿ ಹಳೆಯದು ಉಳಿಯೋದು ಹಳೆಯ ಕೈಗಳಿಂದಲೇ.

ನನ್ನ ಚಿಂತೆಯೂ ಅದೇ. ಸ್ಪೋರ್ಟ್ಸ್ ಕಾರಿನವರಿಗೆ ದಪ್ಪ ದಪ್ಪ ವರ್ಕ್‌ಶಾಪ್ ಪುಸ್ತಕಗಳಿವೆ. ನಮ್ಮ ಮಿಸ್ತ್ರಿಗಳ ವಿದ್ಯೆ ಬೆರಳ ತುದಿಯಲ್ಲಿದೆ, ಕಿವಿಯಲ್ಲಿದೆ. ಕನ್ನಡದಲ್ಲಿ ಬರೆದಿಟ್ಟದ್ದು ತೀರಾ ಕಡಿಮೆ. ಯಾವ ವಾಷರ್ ಎಲ್ಲಿ, ಸ್ಕ್ರೂ ಎಷ್ಟು ಸುತ್ತು ಎಂದು ಬಲ್ಲ ಹಿರಿಯರು ಅಂಗಡಿ ಮುಚ್ಚಿದ ದಿನ ಅಷ್ಟು ವರ್ಷದ ಪಾಠವೂ ಮುಚ್ಚಿತು. ನಿಮ್ಮೂರಲ್ಲಿ ಯೆಜ್ಡಿ ಬಿಚ್ಚಬಲ್ಲ ಮಿಸ್ತ್ರಿ ಇನ್ನೂ ಇದ್ದಾರಾ? ಒಂದು ಭಾನುವಾರ ಅವರ ಪಕ್ಕ ಕೂತು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ಹಾಕಿ. ಇಳಕಲ್ಲ ಕಡೆಯ ಒಂದಿಬ್ಬರನ್ನು ಹಿಡಿಯುವ ಜವಾಬ್ದಾರಿ ನನ್ನದು.