ಆಲೂಗಡ್ಡೆಯ ಹಿಂದೆ ಬಂದ ಪಟ್ಟೆ ಹುಳು

ನಮ್ಮ ಟ್ರೋಲ್‌ಹೆಟ್ಟನ್‌ಗೆ ಹತ್ತಿರದ ಅಲಿಂಗ್‌ಸೋಸ್‌ನಲ್ಲಿ ಯೋನಾಸ್ ಆಲ್‌ಸ್ಟ್ರೋಮರ್ 1720ರ ದಶಕದಲ್ಲಿ ಆಲೂಗಡ್ಡೆ ಬೆಳೆಸಿದ ಕಥೆ ನಿಮಗೆ ಗೊತ್ತಿರಬಹುದು. ಆಲೂಗಡ್ಡೆಯ ಶತ್ರುವಿನ ಕಥೆ ಗೊತ್ತೇ?

ಅದರ ಹೆಸರು ಕೊಲರಾಡೊ ಜೀರುಂಡೆ. ಹಳದಿ ಬೆನ್ನು, ಹತ್ತು ಕಪ್ಪು ಪಟ್ಟೆ. ನೋಡಲು ಮುದ್ದಾಗಿಯೇ ಇದೆ! ಅಮೆರಿಕದ ರಾಕಿ ಪರ್ವತಗಳ ಬಳಿ ಒಂದು ಮುಳ್ಳಿನ ಕಾಡುಗಿಡ ತಿಂದುಕೊಂಡಿತ್ತು. ವಲಸೆಗಾರರು ಅಲ್ಲಿಗೆ ಆಲೂಗಡ್ಡೆ ತಂದರು. 1859ರಲ್ಲಿ ನೆಬ್ರಾಸ್ಕದ ಹೊಲಗಳನ್ನು ತಿಂದ ಹುಳು, 1874ರ ಹೊತ್ತಿಗೆ ಅಟ್ಲಾಂಟಿಕ್ ಕರಾವಳಿ ಮುಟ್ಟಿತು. ರೈತರು ಆರ್ಸೆನಿಕ್ ಇರುವ ‘ಪ್ಯಾರಿಸ್ ಗ್ರೀನ್’ ಎಂಬ ಹಸಿರು ಪುಡಿ ಎರಚಿದರು. ಊಟದ ಬೆಳೆಗೆ ವಿಷ!

1922ರಲ್ಲಿ ಹುಳು ಫ್ರಾನ್ಸಿನ ಬೋರ್ಡೊ ಬಳಿ ನೆಲೆಯೂರಿತು. ಅಲ್ಲಿಂದ ಪೂರ್ವಕ್ಕೆ ಹರಡಿತು. 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ, ಅಮೆರಿಕದ ವಿಮಾನಗಳೇ ಇದನ್ನು ಉದುರಿಸಿವೆ ಎಂದು ಪೋಸ್ಟರ್ ಅಂಟಿಸಿತು. ಹುಳು ಅದಕ್ಕೂ ಮೊದಲೇ ಜರ್ಮನಿಯಲ್ಲಿತ್ತು! ಶಾಲಾಮಕ್ಕಳನ್ನು ಹೊಲಕ್ಕೆ ಕಳಿಸಿ ಕೈಯಿಂದ ಹುಳು ಆರಿಸಿದರು. ರಾಜಕೀಯ ಸುಳ್ಳಾದರೂ ಆ ವಿಧಾನ ಮಾತ್ರ ಸರಿಯಾಗಿತ್ತು ಅನಿಸುತ್ತದೆ ನನಗೆ.

ಯಾಕೆಂದರೆ ಔಷಧಿ ಸೋತಿತು. ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಕೊಟ್ಟರು. 1950ರ ದಶಕದಲ್ಲೇ ಈ ಹುಳು ಡಿಡಿಟಿ ತಿಂದರೂ ಸಾಯದಂತಾಯಿತು. 1970ರಲ್ಲಿ ಸ್ವೀಡನ್ ಕೃಷಿಯಲ್ಲಿ ಡಿಡಿಟಿ ನಿಷೇಧಿಸಿತು.

ಎರಡೇ ವರ್ಷಕ್ಕೆ, 1972ರಲ್ಲಿ, ಬಾಲ್ಟಿಕ್ ಸಮುದ್ರ ದಾಟಿದ ಬೆಚ್ಚನೆಯ ಗಾಳಿಯ ಜೊತೆ ಹುಳುಗಳು ಸ್ಕೋನೆ ತೀರಕ್ಕೆ ಬಂದು ಬಿದ್ದವು. ಹುಡುಕಿ ಹುಡುಕಿ ನಿರ್ಮೂಲ ಮಾಡಿದರು.

ಸಾವಯವ ರೈತರಿಗೆ ಹುಳುವಿನ ದಿನಚರಿ ಗೊತ್ತಿರುವುದೇ ಆಯುಧ. ಚಳಿಗಾಲದಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ. ವಸಂತದಲ್ಲಿ ಎದ್ದು ಆಲೂಗಡ್ಡೆ ಹುಡುಕುತ್ತಾ ಹೆಚ್ಚಾಗಿ ನಡೆದೇ ಹೋಗುತ್ತದೆ. ಆ ವರ್ಷ ಆಲೂಗಡ್ಡೆಯನ್ನು ದೂರದ ಹೊಲದಲ್ಲಿ ಹಾಕಿದ್ದರೆ ಅರ್ಧ ದಾರಿಯಲ್ಲೇ ಹಸಿವು. ನಮ್ಮ ಹಾಸನದ ಕಡೆ ಶತ್ರು ಬೇರೆ: ಗೆಡ್ಡೆ ಕೊರೆಯುವ ಚಿಟ್ಟೆ. ಮಣ್ಣಿನಿಂದ ಹೊರಗೆ ಕಾಣುವ ಗೆಡ್ಡೆಯ ಮೇಲೆ ಅದು ಮೊಟ್ಟೆ ಇಡುತ್ತದೆ. ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಿದರೆ ಅರ್ಧ ಕೆಲಸ ಮುಗಿಯಿತು.

ನಿಮ್ಮ ತೋಟದಲ್ಲಿ ಎಲೆಯ ಅಡಿಭಾಗ ಮಗುಚಿ ನೋಡಿ. ಹಳದಿ ಮೊಟ್ಟೆ ಕಂಡ ಕೂಡಲೇ ಹಿಸುಕಬೇಡಿ. ಗಿಡಹೇನು ತಿನ್ನುವ ಗುಲಗಂಜಿ ಹುಳುವಿನ ಮೊಟ್ಟೆಯೂ ಹಾಗೇ ಇರುತ್ತದೆ. ಹತ್ತು ಪಟ್ಟೆಯ ಜೀರುಂಡೆಯೇ ಸಿಕ್ಕರೆ ಮುಚ್ಚಳದ ಡಬ್ಬಿಗೆ ಹಾಕಿ, ಫೋಟೊ ತೆಗೆದು, ಯೋರ್ಡ್‌ಬ್ರೂಕ್ಸ್‌ವೆರ್ಕೆಟ್ ಕೃಷಿ ಇಲಾಖೆಗೆ ತಿಳಿಸಿ.